ಕಂಬದ ಮುಂದಿನ ಜಾಗ

ಫೆಬ್ರವರಿ 12, ಬೆಳಿಗ್ಗೆ

ಹನ್ನೆರಡು ಮನೆ ಮುಗಿಸಿ ಬಂದೆ. ಹೆಂಗಸರ ಸಮಿತಿಯ ತಪಾಸಣೆ. ಪೆಪೆಯ ಅಂಗಳದ ತುಂಬ ದೀವಿ ಹಲಸಿನ ಎಲೆ. ನೆಂಟಳೆಂದು ಬಿಡಲೇ?

"ನಿನ್ನೆ ಗಾಳಿ ಜೋರಿತ್ತಲ್ಲ ಅಕ್ಕಾ," ಅಂದಳು.

"ಆ ಗಾಳಿಗೆ ನಮ್ಮನೆ ದಾರಿ ಗೊತ್ತಿರಲಿಲ್ಲ ಅನ್ಸುತ್ತೆ," ಅಂದೆ. ದಂಡ ಬರೆದೆ, ಡಬ್ಬಿ ಮೀನು ಒಂದು ಪೆಟ್ಟಿಗೆ. ಮುಖ ಊದಿಸಿಕೊಂಡಳು. ಊದಲಿ. ಇಪ್ಪತ್ತು ವರ್ಷದಿಂದ ಅಧ್ಯಕ್ಷೆ ನಾನು. ಒಬ್ಬಳಿಗೆ ಬಿಟ್ಟರೆ ಊರೇ ಕಸ.

ಮಗ ಸೆಫಾ ಇನ್ನೂ ಮಲಗಿದ್ದಾನೆ. ಎರಡು ಮಂಡಿಯ ಮೇಲೂ ಐಸ್ ಚೀಲ. ಸ್ಟೇಟ್ಸ್‌ನಲ್ಲಿ ಹನ್ನೊಂದು ವರ್ಷ ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ಅಲ್ಲಿನ ಫುಟ್‌ಬಾಲ್ ಆಡಿದ ಮಂಡಿಗಳು. ಸೆಪ್ಟೆಂಬರಿನಲ್ಲಿ ನನ್ನ ಅಣ್ಣನ ಮಣ್ಣಿಗೆ ಬಂದ. ವಾಪಸ್ ಹೊರಟೂ ಇದ್ದ. ಅಲ್ಲೊಂದು ಕಾಲೇಜಿನಲ್ಲಿ ಕೋಚ್ ಕೆಲಸ ಕಾದಿತ್ತು. ನಾನೇ ತಡೆದೆ. "ನಿನ್ನ ಮಾವನ ಪಟ್ಟ ಖಾಲಿ ಇದೆ, ಇರು," ಅಂದೆ. ಇದ್ದಾನೆ.

ಫೆಬ್ರವರಿ 13

ಒಲೋಮಾ ಬಂದಿದ್ದ. ನಮ್ಮ ಮನೆತನದ ಪರವಾಗಿ ಊರ ಸಭೆಯಲ್ಲಿ ಎದ್ದು ಮಾತಾಡುವ ಮುದುಕ. ಮೇ ಕೊನೆಯಲ್ಲಿ ಮನೆತನ ಸೇರುತ್ತದಂತೆ. ತಾಫೆಮಾನು ಎಂಬ ಹೆಸರು, ಅಣ್ಣ ಮೂವತ್ತು ವರ್ಷ ಹೊತ್ತ ಪಟ್ಟ, ಇನ್ನು ಯಾರಿಗೆ ಎಂದು ಅವತ್ತೇ ತೀರ್ಮಾನ.

"ಇರೋದು ಇಬ್ಬರು. ನಿನ್ನ ಮಗ, ನಿನ್ನಣ್ಣನ ಮಗ. ಕೊನೇ ಮಾತು ಮನೆ ಹೆಣ್ಣುಮಗಳದು. ನಾನು ಬರೀ ಬಾಯಿ."

"ದೊಡ್ಡ ಬಾಯಿ."

"ಬಾಯಿ ಎಷ್ಟು ದೊಡ್ಡದಿದ್ರೇನಮ್ಮ, ಕೇಳಿಸ್ಕೊಂಡಿದ್ದು ಇದ್ರೆ ತಾನೇ ಹೇಳೋದು? ನಿನ್ನಣ್ಣ ಹೋಗೋ ಹೊತ್ತಲ್ಲಿ ಪಕ್ಕದಲ್ಲಿದ್ದೋಳು ನೀನೊಬ್ಳೇ. ಏನಾದ್ರೂ ಅಂದ್ನಾ?"

"ನೀರು ಕೇಳಿದ."

ಈವರೆಗೆ ಆರು ಸಲ ಕೇಳಿದ್ದಾನೆ. ಆರು ಸಲವೂ ಅದನ್ನೇ ಹೇಳಿದ್ದೇನೆ.

ಪಟ್ಟ ಸಿಕ್ಕವನಿಗೆ ಊರ ಸಭೆಯಲ್ಲಿ ಜಾಗ. ವರ್ಷದ ಕೊನೆಗೆ ಜಿಲ್ಲೆಯ ಮುಖ್ಯಸ್ಥರು ಒಪ್ಪಿದರೆ ನಮ್ಮ ದ್ವೀಪದ ಮೇಲ್ಮನೆಯಾದ ಸೆನೆಟ್‌ನಲ್ಲೂ ಜಾಗ. ಪಟ್ಟವಿಲ್ಲದವನು ಸೆನೆಟ್ ಹೊಸ್ತಿಲು ತುಳಿಯುವಂತಿಲ್ಲ. ಸೆಫಾಗೆ ಸೆನೆಟ್ ಬೇಕು. ನನಗೇನೂ ಬೇಡ.

… ಸುಳ್ಳು. ನನಗೂ ಬೇಕು.

ಮಾರ್ಚ್ 3, ಭಾನುವಾರ

ಪೋಸೆನಾಯ್ ಕತ್ತಲಿದ್ದಾಗಲೇ ಒಲೆ ಹಾಕಿದ್ದ. ಕಲ್ಲು ಕೆಂಪಾಗುವವರೆಗೆ ಕಾಯಿಸಿ, ಕೆಸುವಿನ ಗಡ್ಡೆ, ಹಂದಿ, ತೆಂಗಿನ ಹಾಲು ತುಂಬಿದ ಕೆಸುವಿನೆಲೆಯ ಪೊಟ್ಟಣ, ಎಲ್ಲ ಮುಚ್ಚಿಟ್ಟು ಚರ್ಚಿಗೆ ಬಂದ. ಹಾಡಿನ ಸಾಲಿನಲ್ಲಿ ನಿಂತರೂ ಹೊಗೆ ವಾಸನೆ. ಅಣ್ಣನ ಮಗ. ನಲವತ್ತೊಂದು ವರ್ಷ. ಹೈಸ್ಕೂಲ್ ತಂಡದಲ್ಲಿ ಇವನಷ್ಟು ವೇಗವಾಗಿ ಓಡಿದವನು ಇಲ್ಲ ಎಂದು ಊರು ಇಂದಿಗೂ ಹೇಳುತ್ತದೆ. ಸ್ಟೇಟ್ಸ್‌ನ ಕಾಲೇಜು ಇವನನ್ನೂ ಕರೆದಿತ್ತು. ಅದೇ ವರ್ಷ ಇವನ ತಾಯಿ ಸತ್ತಳು. ಹೋಗಲಿಲ್ಲ. ಅಣ್ಣನ ಕಾಲನ್ನು ಸಕ್ಕರೆ ಕಾಯಿಲೆ ತಿಂದ ಮೇಲೆ ಸ್ನಾನ ಮಾಡಿಸಿದ್ದು, ಹೊತ್ತು ತಿರುಗಿದ್ದು ಎಲ್ಲ ಇವನೇ.

ಹಿರಿಯರ ತಟ್ಟೆಯ ಮುಂದೆ ಕೂತು ನೊಣ ಬೀಸುತ್ತಿದ್ದ. ಮೈಮೇಲೆ ಸೆಫಾನ ಅರವತ್ತೇಳನೇ ನಂಬರಿನ ಶರ್ಟ್, ಬಣ್ಣ ಹೋದದ್ದು.

"ಇದನ್ನ ಇನ್ನೂ ಬಿಸಾಕಿಲ್ವಾ?" ಸೆಫಾ ನಕ್ಕ.

"ಬಿಸಾಕಿದ್ರೆ ನಾನು ಯಾರ ಅಣ್ಣ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

ಒಲೋಮಾ ಎಲುಬು ಚೀಪುತ್ತಾ, "ಹನ್ನೊಂದು ವರ್ಷ ಟೀವಿ ಮುಂದೆ ಕೂತೆ ಕಣೋ ಸೆಫಾ. ಒಂದು ಸಲನಾದ್ರೂ ಚೆಂಡು ನಿನ್ನ ಕೈಗೆ ಬಂತಾ?" ಅಂದ.

"ಚೆಂಡು ಹಿಡಿಯೋದು ನನ್ನ ಕೆಲಸ ಅಲ್ಲ ತಾತ. ಹಿಡಿದವನ ಮೇಲೆ ಯಾರೂ ಬೀಳದ ಹಾಗೆ ನೋಡ್ಕೊಳ್ಳೋದು."

"ಹಂಗಾದ್ರೆ ನೀನೂ ಪೋಸೆನಾಯ್ ಥರಾನೇ. ಅವನಿಗೆ ಸಂಬಳ ಇಲ್ಲ, ಅಷ್ಟೆ."

ಎಲ್ಲರೂ ನಕ್ಕರು. ಪೋಸೆನಾಯ್ ಕೂಡ. ನಾನು ನಗಲಿಲ್ಲ.

ಮಾರ್ಚ್ 21

ಸೆಫಾಗೆ ಪಾಠ ನಡೆದಿದೆ. ಸಭೆಯ ಮನೆ ದುಂಡಗೆ, ಸುತ್ತ ಕಂಬ. ಒಂದೊಂದು ಕಂಬ ಒಂದೊಂದು ಪಟ್ಟಕ್ಕೆ ಸೇರಿದ್ದು. ಪಟ್ಟ ಹೊತ್ತವನು ಮಾತ್ರ ಅದಕ್ಕೆ ಬೆನ್ನು ಕೊಟ್ಟು ಕೂರಬಹುದು, ಅತಿಥಿಗಳ ಕಡೆಯಾದರೆ ಮನೆತನದ ಪರವಾಗಿ ಬಂದವನೂ. ನಾನು ಬಾಯಲ್ಲಿ ಹೇಳಿದೆ. ಸೆಫಾ ಕಾಗದದಲ್ಲಿ ಸೊನ್ನೆ, ಗುಣಿಸುವ ಗುರುತು, ಬಾಣ ಎಳೆದ.

"ನಮ್ಮ ಆಟದ ನಕ್ಷೆ ಥರಾನೇ ಇದೆ ಅಮ್ಮಾ. ಯಾರು ಎಲ್ಲಿ ನಿಲ್ಬೇಕು, ಅಷ್ಟೇ ತಾನೇ?"

ಒಂದು ಗಂಟೆಯಲ್ಲಿ ನಮ್ಮ ಊರಿನ ಎಲ್ಲ ಕಂಬ ಬಾಯಿಪಾಠ. ಎದೆ ಉಬ್ಬಿತು ನನಗೆ. ಆದರೆ ಆ ಕಂಬ ಅವರಿಗೇ ಯಾಕೆ ಎಂದು ಕೇಳಿದರೆ ತೊದಲುತ್ತಾನೆ. ಕೂತಲ್ಲಿ ಕೂರುವುದಿಲ್ಲ, ರಸ್ತೆವರೆಗೆ ಹೋಗುತ್ತಾನೆ, ಬರುತ್ತಾನೆ. ನನಗೂ ಹಾಗೆಯೇ ಆಗಿದೆ. ಚಾಪೆ ಹೆಣೆಯಲು ಕೂತರೆ ನಾಲ್ಕು ಸಾಲಿಗೆ ಏಳುತ್ತೇನೆ.

ಏಪ್ರಿಲ್ 14

ಬರೆಯಬಾರದು ಅಂದುಕೊಂಡಿದ್ದೆ.

ಪಕ್ಕದ ಊರಿನ ಸಾವಿನ ಮನೆಗೆ ಮನೆತನದ ಕಾಣಿಕೆಯಾಗಿ ಚಾಪೆಗಳನ್ನು ಒಪ್ಪಿಸಲು ಹೋಗಿದ್ದೆವು. ಸೆಫಾ ನಮ್ಮ ಪರವಾಗಿ ಮೊದಲು ಒಳಗೆ ಹೋದ. ನೆಟ್ಟಗೆ ನಡೆದು ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತ. ನಮ್ಮ ಊರಿನ ಮನೆಯಲ್ಲಾದರೆ ಅದು ಅತಿಥಿಗಳ ಕಡೆ. ಆ ಊರಿನ ಮನೆಯ ಮುಖ ಬೆಟ್ಟದ ಕಡೆಗೆ. ಎಲ್ಲ ತಿರುಗುಮುರುಗು. ಅವನು ಕೂತದ್ದು ಅವರ ದೊಡ್ಡ ಮುಖ್ಯಸ್ಥನ ಕಂಬ. ಆ ಮುದುಕ ಅಂಚಿನಲ್ಲೇ ನಿಂತುಬಿಟ್ಟ. ಸೆಫಾ ಎಲ್ಲರಿಗೂ ಮುಗುಳ್ನಗುತ್ತಾ ಕೂತಿದ್ದ, ಕ್ಯಾಮೆರಾ ಮುಂದೆ ಕೂತ ಹಾಗೆ.

ಹಿಂದಿನ ಅಡುಗೆ ಚಪ್ಪರದಿಂದ ಪೋಸೆನಾಯ್ ಬಂದ. ಕೈಗೆಲ್ಲ ಮಸಿ. ಮಂಡಿಯ ಮೇಲೆ ತೆವಳಿ ಹಣೆಯನ್ನು ನೆಲಕ್ಕೆ ಹಚ್ಚಿದ.

"ತಪ್ಪು ನನ್ನದು. ದಾರಿ ತೋರಿಸ್ಬೇಕಾದವನು ಒಲೆ ಹತ್ರ ಕೂತ್ಬಿಟ್ಟೆ. ಬೈಯೋದಿದ್ರೆ ನನ್ನನ್ನ ಬೈಯಿರಿ."

ಮುದುಕ ಅವನ ಮಸಿ ಕೈ ನೋಡಿ, "ತಾಫೆಮಾನು ಮನೆಯವ್ರು ಚಾಪೆ ಕೊಟ್ಟು ಕಂಬ ತಗೊಂಡು ಹೋಗೋಕೆ ಬಂದ್ರೇನೋ ಅಂದ್ಕೊಂಡೆ," ಅಂದ. ಆಮೇಲೆ ಜನ ನಕ್ಕರು.

ಪಿಕಪ್‌ನಲ್ಲಿ ವಾಪಸ್ ಬರುವಾಗ ಸೆಫಾ ಒಂದೇ ಮಾತು ಆಡಿದ: "ಸರಿಯಾಗೇ ಕಲ್ತಿದ್ದೆ ಅಮ್ಮಾ. ಮೈದಾನ ತಿರುಗಿಬಿಟ್ಟಿತ್ತು."

ಏಪ್ರಿಲ್ 15

ಅಂಗಳ ಮೂರು ಸಲ ಗುಡಿಸಿದೆ.

ಮೇ 9

ಯಾರೂ ಓದದ ಪುಸ್ತಕದಲ್ಲೂ ಇದನ್ನು ಬರೆಯಲು ಎಂಟು ತಿಂಗಳು ಬೇಕಾಯಿತು.

ಅಣ್ಣ ಹೋಗುವ ಹೊತ್ತು. ಪೋಸೆನಾಯ್ ಪಾದ್ರಿಯನ್ನು ಕರೆತರಲು ಓಡಿದ್ದ. ಅಣ್ಣ ನನ್ನ ಕೈ ಹಿಡಿದು, "ಹೆಸರು ಪೋಸೆನಾಯ್‌ಗೆ. ನೀನೇ ಹೇಳು," ಅಂದ. ಸ್ಪಷ್ಟವಾಗಿ. ಜ್ವರದ ಬಡಬಡಿಕೆಯಲ್ಲ. ಆಮೇಲೆ ನೀರು ಕೇಳಿದ.

ಸಾಯುವ ಮುಖ್ಯಸ್ಥನ ಮಾತಿಗೆ ನಮ್ಮಲ್ಲಿ ಎಷ್ಟು ತೂಕವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪೋಸೆನಾಯ್ ಪಾದ್ರಿಯೊಂದಿಗೆ ಬಂದಾಗ ಎಲ್ಲ ಮುಗಿದಿತ್ತು. "ಅಪ್ಪ ಏನಾದ್ರೂ ಅಂದ್ರಾ ಅತ್ತೆ?" ಅಂದ. ನೀರು ಕೇಳಿದ ಅಂದೆ.

"ಕುಡಿದ್ರಾ?"

ಅಷ್ಟೇ ಕೇಳಿದ. ಮತ್ತೆ ಯಾವತ್ತೂ ಕೇಳಿಲ್ಲ.

ಆಗ ಹೆಣದ ಪಕ್ಕ ಕೂತು ನಾನು ಯೋಚಿಸಿದ್ದು ಸುದ್ದಿ ಕಳಿಸಿದರೆ ಸೆಫಾನ ವಿಮಾನ ಯಾವತ್ತು ಇಳಿಯಬಹುದು ಎಂದು.

ಮೇ 25, ಸಂಜೆ

ಮನೆತನ ಸೇರಿತು. ಸೆಫಾ ಬಿಳಿ ಶರ್ಟ್, ಕಪ್ಪು ಲಾವಾಲಾವಾ ಪಂಚೆ ಉಟ್ಟು ಅಂಚಿನಲ್ಲಿ ಕೂತಿದ್ದ. ಪೋಸೆನಾಯ್ ಹಿಂದೆ, ಅಡುಗೆಯವರ ಜೊತೆ. ಎರಡೂ ಕಡೆಯವರು ಮಾತಾಡಿದರು. ಸೆಫಾ ಹೈಸ್ಕೂಲಿಗೆ ಕಟ್ಟಿಸಿದ ವ್ಯಾಯಾಮ ಶಾಲೆ, ಸ್ಟೇಟ್ಸ್‌ನಲ್ಲಿ ಅವನಿಗಿರುವ ಹೆಸರು, ಸೆನೆಟ್‌ನಲ್ಲಿ ಅವನಿದ್ದರೆ ಊರಿಗೆ ಆಗುವ ಒಳ್ಳೆಯದು. ಪೋಸೆನಾಯ್ ಪರವಾಗಿ ಹೇಳಲು ಇದ್ದದ್ದು ಒಂದೇ ಮಾತು: ಇಲ್ಲೇ ಇದ್ದ.

ಒಲೋಮಾ ಕೋಲು ಊರಿ ನನ್ನ ಕಡೆ ತಿರುಗಿದ. "ಮನೆ ಹೆಣ್ಣುಮಗಳು ಏನಂತಾಳೆ?"

ಸೆಫಾ ಎಂದು ಹೇಳಲು ಒಂದು ವಾರ ಕೂತು ಮಾತು ಜೋಡಿಸಿದ್ದೆ. ಬಾಯಿ ತೆರೆದೆ. ಪೋಸೆನಾಯ್ ಹಿಂದಿನಿಂದ ಯಾರೋ ಮುದುಕಿಗೆ ನೀರಿನ ಲೋಟ ಕೊಡುತ್ತಿದ್ದ. ಕುಡಿದಳೋ ಎಂದು ನೋಡುತ್ತಾ ನಿಂತಿದ್ದ.

"ಅಣ್ಣ ನೀರು ಕೇಳಿದ್ದು ನಿಜ. ಅದಕ್ಕೆ ಮುಂಚೆ, ಹೆಸರು ಪೋಸೆನಾಯ್‌ಗೆ ಅಂದ. ನಾನು ನುಂಗ್ಕೊಂಡಿದ್ದೆ."

ಒಲೋಮಾ ಕೋಲನ್ನು ನೆಲಕ್ಕೆ ಮಲಗಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಂದಿನಿಂದ ಪೆಪೆ, ಮೆಲ್ಲಗೆ: "ನಮ್ಮಂಗಳದ ಎಲೆಗೆ ದಂಡ ಬರೀತಿದ್ರಲ್ಲ ಅಕ್ಕಾ." ಯಾರೂ ನಗಲಿಲ್ಲ.

ಸೆಫಾ ಎದ್ದ. ಹಿರಿಯರ ಮುಂದೆ ಸೊಂಟ ಬಗ್ಗಿಸಿ, ಸರಿಯಾಗಿ, ಹೊರಗೆ ನಡೆದ. ಕಡಲ ಕಟ್ಟೆಯ ಮೇಲೆ ಸಿಕ್ಕ.

"ನಾನು ಟಿಕೆಟ್ ಹಿಡ್ಕೊಂಡು ನಿಂತಾಗ್ಲೂ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಪಟ್ಟ ಹೋಯ್ತು ಅಂತ ಅಲ್ಲಮ್ಮ. ಎಂಟು ತಿಂಗಳಿಂದ ನನ್ನನ್ನ ಅವನ ಕಂಬಕ್ಕೆ ಕೂರಿಸಿದ್ದೆ. ಅವನು ನನಗೆ ಊಟ ಬಡಿಸ್ತಿದ್ದ."

ಅವನನ್ನು ಕಟ್ಟೆಯ ಮೇಲೆ ಬಿಟ್ಟು ಒಬ್ಬಳೇ ಮನೆಗೆ ಬಂದೆ.

ಆಗಸ್ಟ್ 17

ಪೋಸೆನಾಯ್‌ಗೆ ಪಟ್ಟವಾಯಿತು. ಇನ್ನು ಅವನನ್ನು ತಾಫೆಮಾನು ಎಂದೇ ಕರೆಯಬೇಕು. ಬೇರು ಅರೆದ ಆವಾ ಪಾನೀಯದ ಮೊದಲ ಚಿಪ್ಪನ್ನು ಅವನಿಗೆ ಹೊತ್ತು ತಂದವನು ಸೆಫಾ. ಆ ಮಂಡಿಗಳನ್ನು ಮಡಿಸಿ ಕೊಟ್ಟ. ಲಟಕ್ ಎಂದದ್ದು ನನಗೆ ಕೇಳಿಸಿತು. ಒಂದು ತೊಟ್ಟು ಚೆಲ್ಲಲಿಲ್ಲ. ನನ್ನ ಕಡೆ ನೋಡಲಿಲ್ಲ.

ಈಗ ಹೈಸ್ಕೂಲ್ ಮೈದಾನದ ಹಿಂದಿನ ಕೋಣೆಯಲ್ಲಿದ್ದಾನೆ. ಹುಡುಗರಿಗೆ ಆಟ ಕಲಿಸುತ್ತಾನೆ. ಕೆಳಮನೆಯ ಚುನಾವಣೆಗೆ ನಿಲ್ಲುತ್ತಾನಂತೆ. ಅಲ್ಲಿಗೆ ಪಟ್ಟ ಬೇಡ, ಜನರ ಮತ ಸಾಕು. ಪೆಪೆ ಹೇಳಿದಳು. ನನ್ನ ಮಗನ ಸುದ್ದಿ ನನಗೆ ಪೆಪೆ ಹೇಳುತ್ತಾಳೆ.

ಸಮಿತಿಯ ಪುಸ್ತಕ ಒಪ್ಪಿಸಿ ಬಂದೆ. ನನಗೆ ದಂಡ ಹಾಕಲಿಲ್ಲ. ಹಾಕಿದ್ದರೆ ಕಟ್ಟಿ ಮುಗಿಸುತ್ತಿದ್ದೆ.

ಅಕ್ಟೋಬರ್ 20

ಮತ ಕೇಳಲು ಮನೆ ಮನೆಗೆ ಹೋಗುತ್ತಿದ್ದಾರೆ. ತಾಫೆಮಾನು ಮುಂದೆ, ನಾಯಿ ಓಡಿಸುತ್ತಾ, ಬಾಗಿಲಲ್ಲಿ ಹೆಸರು ಹೇಳುತ್ತಾ. ಸೆಫಾ ಹಿಂದೆ. ಪಟ್ಟ ಹೊತ್ತವನು ಪಟ್ಟವಿಲ್ಲದವನಿಗೆ ದಾರಿ ಮಾಡುವುದನ್ನು ಈ ಊರು ನೋಡಿರಲಿಲ್ಲ. ಎಡಗಡೆ ಮನೆ ಆಯಿತು, ಬಲಗಡೆ ಮನೆ ಆಯಿತು. ನಮ್ಮದಕ್ಕೆ ಬರಲಿಲ್ಲ. ಅಂಗಳ ಗುಡಿಸಿಟ್ಟಿದ್ದೆ.

ತಾಫೆಮಾನು ಒಬ್ಬನೇ ಬೇಲಿ ಹತ್ತಿರ ಸಿಕ್ಕಾಗ ಕೇಳಿದೆ. "ಈ ಮನೆ ನಿಮ್ಮ ಪಟ್ಟೀಲಿ ಇಲ್ವಾ?"

"ಇದೆ ಅತ್ತೆ. ಕೊನೇಲಿದೆ."

"ಕೊನೇಲಿ ಯಾಕೆ?"

"ಅವನನ್ನೇ ಕೇಳಿ."

"ನಾನು ಕೇಳಲ್ಲ."

"ಅದೂ ಗೊತ್ತು," ಅಂದು ನಕ್ಕ. ಅಣ್ಣನ ನಗೆ. ಒಳಗೆ ಬಂದುಬಿಟ್ಟೆ.

ನವೆಂಬರ್ 4

ನಾಳೆ ಮತದಾನ. ಮಧ್ಯಾಹ್ನ ಸೆಫಾ ಬಂದ. ಒಬ್ಬನೇ. ಬಾಗಿಲಲ್ಲೇ ನಿಂತು, ತಲೆ ಬಗ್ಗಿಸಿ, ಎಲ್ಲ ಮನೆಗಳಲ್ಲೂ ಹೇಳಿದ್ದನ್ನೇ ಹೇಳಿದ. "ಮನೆಯ ಯಜಮಾನಿಯವರಿಗೆ ವಂದನೆ. ನಾನು ಸೆಫಾ. ನಿಮ್ಮ ಮತ ಕೇಳೋಕೆ ಬಂದಿದ್ದೀನಿ."

ಹೆತ್ತವಳಿಗೆ ನೀವು, ನಿಮ್ಮ.

ಚಾಪೆ ಹಾಸಿದೆ. ನಿಂತೇ ಇದ್ದ. "ಯಾವ ಕಂಬಕ್ಕೆ ಕೂರ್ಬೇಕು?" ಅಂದ. ಕುಹಕವಲ್ಲ. ನಿಜವಾಗಿ ಕೇಳಿದ.

"ಅದು ನಂದು. ಅಲ್ಲೇ ಕೂರು."

ಕೂತ. ಹೇಳಬೇಕಾದ ಮಾತೊಂದಿತ್ತು, ತಪ್ಪಾಯ್ತು ಎಂದು. ಮೇ ತಿಂಗಳಿಂದ ಹೇಳದೆ ಉಳಿದಿದೆ. ಅದರ ಬದಲು, "ಊಟ ಆಗಿದ್ಯಾ?" ಅಂದೆ. ಇಲ್ಲ ಅಂದ. ನಾಲ್ಕು ಗಡ್ಡೆ ತಿಂದ, ಮೀನು ತಿಂದ. ನನ್ನ ಕಂಬಕ್ಕೆ ಒರಗಿ ಹಾಗೆಯೇ ನಿದ್ದೆ ಹೋದ, ಬಾಯಿ ತೆರೆದುಕೊಂಡು, ಎಂಟು ವರ್ಷದವನ ಹಾಗೆ. ಮಂಡಿಗಳಿಗೆ ಐಸ್ ಕಟ್ಟಿದೆ. ಎಚ್ಚರವಾಗಲಿಲ್ಲ. ಎದುರು ಕೂತು ಇದನ್ನು ಬರೆಯುತ್ತಿದ್ದೇನೆ. ಅವನ ಪಟ್ಟಿ ಚಾಪೆಯ ಮೇಲೆ ಬಿದ್ದಿದೆ. ಊರಿನ ಎಲ್ಲ ಮನೆಗಳ ಮುಂದೆಯೂ ಗುರುತು ಬಿದ್ದಿದೆ, ಒಂದನ್ನು ಬಿಟ್ಟು.

ಎದ್ದ. ಐಸ್ ನೋಡಿದ. ನನ್ನನ್ನು ನೋಡಿದ. ಪಟ್ಟಿ ಎತ್ತಿಕೊಂಡು ಜೇಬು ತಡಕುತ್ತಿದ್ದಾನೆ.

"ಪೆನ್ನು ಇದ್ಯಾ ಅಮ್ಮಾ?"

ಮನೆಯಲ್ಲಿರುವುದು ಇದೊಂದೇ. ಕೊಡುತ್ತೇನೆ. ಕೊಡುವಾಗ ಆ ಮಾತನ್ನೂ