ಅಕ್ಕ ಬೆರೆಸುವ ಜಿನ್

ಮಾರ್ಚ್ 3, ಶನಿವಾರ
ಇವತ್ತೂ ಹಾಲು ಸೀದುಹೋಯಿತು. ಹೊಗೆ ಕಣ್ಣಿಗೆ ಬಿತ್ತು, ಮೂಗಿಗೆ ಗೊತ್ತೇ ಆಗಲಿಲ್ಲ. ಆ ಹಾಳು ಜ್ವರ ಬಂದು ಹೋದಾಗಿನಿಂದ ಹೀಗೇ. ಸೋಪಿನ ಫ್ಯಾಕ್ಟರಿಯಲ್ಲಿ ವಾಸನೆ ನೋಡಿ ಸಂಬಳ ತಗೊಳ್ಳುವವಳಿಗೆ ಮೂಗೇ ಕೈಕೊಟ್ಟರೆ! ಏಪ್ರಿಲ್ ಮೊದಲ ವಾರ ಪರೀಕ್ಷೆಯಂತೆ. ಪಾಸಾದರೆ ನನ್ನ ಹಳೇ ಟೇಬಲ್ಲು, ಇಲ್ಲದಿದ್ದರೆ ಪ್ಯಾಕಿಂಗ್. ಸೂಪರ್‌ವೈಸರ್ ಪಾಪ ಒಳ್ಳೆಯವರೇ, ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸಂಜೆ ಅಕ್ಕ ಬಂದಳು. ವಾರವಿಡೀ ಸ್ಕೂಲ್ ಬಸ್ ಓಡಿಸಿ, ಮಕ್ಕಳನ್ನು ಗದರಿಸಿ ಗಂಟಲು ಕಟ್ಟಿದೆ. ಬಾಯಿ ಮಾತ್ರ ನಿಂತಿಲ್ಲ.

"ಮೇಲಿನ ಕಪಾಟಲ್ಲಿರೋ ಜಿನ್ ಹಾಕಿ ಏನಾದ್ರೂ ಮಾಡ್ಕೊಡೇ. ತಲೆ ಕೆಟ್ಟೋಗಿದೆ," ಅಂದೆ.

ಮಾತ್ರೆ ಮುಗಿಯುವ ತನಕ ಮದ್ಯ ಬೇಡ ಅಂತ ಡಾಕ್ಟರ್ ಹೇಳಿದ್ದು ಅವಳೆದುರಿಗೇ. ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ.

"ಆಯ್ತು. ಒಂದೇ ಗ್ಲಾಸು. ಅಡುಗೆಮನೆಗೆ ಮಾತ್ರ ಕಾಲಿಡಬೇಡ."

ಅಷ್ಟೇ! ಸೂರ್ಯ ಯಾವ ಕಡೆ ಹುಟ್ಟಿದನೋ.

ಒಂದೊಂದು ಹಣ್ಣನ್ನೂ ನನ್ನ ಮೂಗಿನ ಹತ್ತಿರ ಹಿಡಿದಳು. "ಇದು ಕಿತ್ತಳೆ ಸಿಪ್ಪೆ. ಕಣ್ಮುಚ್ಚು. ನೆನಪು ಮಾಡ್ಕೋ."

"ಏನೂ ಇಲ್ಲ ಕಣೇ."

"ಇಲ್ದಿದ್ರೆ ಬಿಡು. ನಾಳೆ ಮತ್ತೆ."

ಆಮೇಲೆ ಕೆಂಪಗಿನ ಗ್ಲಾಸು, ಐಸು, ಮೇಲೊಂದು ಸ್ಟ್ರಾಬೆರಿ. ಗಂಟಲು ಚುರ್ ಅಂತು. ಜಿನ್ನಿನ ಉರಿಯಾದರೂ ಗೊತ್ತಾಗುತ್ತಲ್ಲ, ಸದ್ಯ.

ಮಾರ್ಚ್ 10, ಶನಿವಾರ
ಚೆನ್ನಾಗಿ ಏರಿತು. ನಕ್ಕೆ, ಹಾಡಿದೆ, ಆಮೇಲೆ ಅತ್ತೆ. ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ — ಭಯ ಅಂತ, ಮೂಗಿಲ್ಲದ ಮೇಲೆ ನಾನು ಯಾವ ಕೆಲಸಕ್ಕೂ ಬಾರದವಳು ಅಂತ. ಅಕ್ಕ ನನ್ನ ತಲೆ ಬಾಚುತ್ತಾ ಕೇಳಿಸಿಕೊಂಡಳು.

"ಒಂದು ಗ್ಲಾಸಿಗೇ ಇಷ್ಟಾ? ನಿಂಗೆ ಕುಡಿಸೋದು ಭಾರಿ ಸಲೀಸು ಬಿಡು!" ನಗುನಗುತ್ತಾ ಕಣ್ಣೊರೆಸಿಕೊಂಡಳು. ಅಷ್ಟು ನಗುವಂಥದ್ದೇನಿತ್ತೋ.

ಮಾರ್ಚ್ 12, ಬೆಳಿಗ್ಗೆ
ತನ್ನ ಸ್ಕೂಲ್ ಬಸ್ ಹತ್ತುವ ಮುಂಚೆ ಅಕ್ಕನ ಫೋನು. "ಸಿಪ್ಪೆ ಮೂಸಿದ್ಯಾ? ಲವಂಗ?" ದಿನಾ ಇದೇ ಕಾಟ. ಬಸ್ಸಿನ ಮಕ್ಕಳಿಗೂ ಇಷ್ಟು ಕಾಟ ಕೊಡಲಾರಳು. ಮೂಸಿದೆ... ಏನೂ ಇಲ್ಲ.

ಮಾರ್ಚ್ 26
ಕಿತ್ತಳೆ! ಸುಲಿದ ಬೆರಳಲ್ಲಿ, ಒಂದೇ ಒಂದು ಕ್ಷಣ. ಸಿಂಕಿನ ಮುಂದೆ ನಿಂತು ಹೋ ಅಂತ ಅತ್ತೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಎಲ್ಲಿ ಹೊರಟುಹೋಗುತ್ತೋ ಅಂತ ಹೆದರಿಕೆ.

ಮಾರ್ಚ್ 31, ಶನಿವಾರ
ಅಕ್ಕ ಗ್ಲಾಸು ಕೊಟ್ಟಳು. ಕಣ್ಮುಚ್ಚಿ ಮೂಸಿದೆ. ಕಳಿತ ಸ್ಟ್ರಾಬೆರಿ. ನಿಂಬೆ. ಕಿತ್ತಳೆ ಸಿಪ್ಪೆ. ಅದರ ಕೆಳಗೆ... ಶುಂಠಿ. ಕಾಳುಮೆಣಸು.

ಆಮೇಲೆ? ಮತ್ತೆ ಮೂಸಿದೆ. ಹಸಿ ಪೈನ್ ಕಡ್ಡಿ ಮುರಿದ ಹಾಗಿರುವ ಆ ಜಿನ್ನಿನ ವಾಸನೆ — ಎಲ್ಲೂ ಇಲ್ಲ.

"ಏನೇ? ಸ್ಟ್ರಾಂಗ್ ಆಯ್ತಾ?"

"ಸ್ವಲ್ಪ," ಅಂದೆ. ಪೂರ್ತಿ ಕುಡಿದೆ.

ಅವಳು ಹೋದ ಮೇಲೆ ಸ್ಟೂಲ್ ಹತ್ತಿ ಮೇಲಿನ ಕಪಾಟು ನೋಡಿದೆ. ಜಿನ್ ಬಾಟಲಿ ತಂದ ಹಾಗೇ ಇದೆ. ಸೀಲ್ ಕೂಡ ಒಡೆದಿಲ್ಲ. ಅಂದರೆ ನಾನು ಹಾಡಿದ್ದು, ಅತ್ತಿದ್ದು, ಎಲ್ಲ ಶುಂಠಿ ರಸಕ್ಕೆ! ನಾಚಿಕೆಯಾಯಿತು. ಸ್ಟೂಲ್ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಳ್ಳಿ. ಡಾಕ್ಟರ ಮಾತನ್ನೂ ಮೀರಲಿಲ್ಲ, ನನ್ನ ಹಟವನ್ನೂ ಮುರಿಯಲಿಲ್ಲ. ಇಂಥವಳನ್ನು ನನಗೆ ಅಕ್ಕನಾಗಿ ಕೊಟ್ಟಿದ್ದು ಯಾರೋ, ಅವರಿಗೆ ದೊಡ್ಡ ನಮಸ್ಕಾರ.

ಏಪ್ರಿಲ್ 4
ಪಾಸು! ವಾಸನೆ ಅದ್ದಿದ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಕೊಟ್ಟರು. ಕಡೆಯದರ ಹತ್ತಿರ ತಡವರಿಸಿದೆ. ಬೆವರು. ಕಣ್ಮುಚ್ಚಿದೆ. ಅಕ್ಕನ ಧ್ವನಿ — ನೆನಪು ಮಾಡ್ಕೋ. "ಕಿತ್ತಳೆ ಸಿಪ್ಪೆ," ಅಂದೆ. ಈ ಸಲ ಸೂಪರ್‌ವೈಸರ್ ನನ್ನ ಮುಖ ನೋಡಿಯೇ ನಕ್ಕರು.

ಏಪ್ರಿಲ್ 7, ಶನಿವಾರ
ನಿನ್ನೆಗೆ ಮಾತ್ರೆ ಮುಗಿಯಿತು. ಇವತ್ತು ಬೆರೆಸುವವಳು ನಾನು. ಹಣ್ಣು ಹೆಚ್ಚಿಟ್ಟಿದ್ದೇನೆ, ಐಸು ಗಟ್ಟಿಯಾಗಿದೆ, ಗ್ಲಾಸು ಎರಡು. ಬಾಟಲಿಯನ್ನು ಮೇಜಿನ ನಡುವೆ ಇಟ್ಟಿದ್ದೇನೆ, ಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ. ಸೀಲ್ ಒಡೆದಿಲ್ಲ. ನಾನಾಗಿ ಏನೂ ಹೇಳುವುದಿಲ್ಲ. ಅದನ್ನು ನೋಡಿ ಅವಳ ಮುಖ ಹೇಗಾಗುತ್ತೆ ಅಂತ...

ಬೆಲ್ ಆಯಿತು. ಮೆಟ್ಟಿಲಲ್ಲೇ ಕೂಗುತ್ತಿದ್ದಾಳೆ, "ಅಡುಗೆಮನೆಗೆ ಕಾಲಿಟ್ಟಿಲ್ಲ ತಾನೇ?" ಇಟ್ಟಿದ್ದೀನಿ ಕಣೇ ಅಕ್ಕಾ, ಬಾ, ಒಳಗೆ ಬಾ —