ನಿನ್ನ ಪ್ರಸಂಗದ ಅಕ್ಕ ನಾನಲ್ಲ

ಮಹಡಿ ಮನೆ, ಕಿಟಕಿ ಪಕ್ಕದ ಕುರ್ಚಿ
ಭಾನುವಾರ, ಫೆಬ್ರವರಿ ೧೬

ಪ್ರೀತಿಯ ತಮ್ಮಾ,

ನಿನ್ನ ಗಂಟಲು ಹೇಗಿದೆ? ವಾರವಿಡೀ ಪ್ರಾರ್ಥನಾಕೂಟ, ಭಾನುವಾರ ಎರಡೆರಡು ಆರಾಧನೆ ಎಂದರೆ ಕಂಚಿನ ಕಂಠವೂ ಬಿರುಕು ಬಿಡುತ್ತದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಫ್ಯಾನಿನ ಕೆಳಗೆ ಮಲಗಬೇಡ, ಎದುರಿಗೆ ಮೈಕ್ ಇರುವಾಗ ಕಿರುಚಬೇಡ. ದೇವರ ಕಿವಿ ಚೆನ್ನಾಗಿಯೇ ಇದೆ. ನನ್ನದು ಎಂದಿನ ಪಾಡು. ಬೆಳಗ್ಗೆ ಎದ್ದಾಗ ಬೆರಳುಗಳು ಮಡಚಿದ ಕೊಡೆಯ ಕಡ್ಡಿಗಳಂತೆ ಬಿಗಿದಿರುತ್ತವೆ, ಹೊತ್ತು ಏರಿದ ಮೇಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಹಿಡಿಯಲು ಅನುಕೂಲವಾಗಲಿ ಎಂದು ನಿನ್ನ ಭಾವ ಪೆನ್ನಿಗೆ ಹಳೆಯ ಬನಿಯನ್ನಿನ ಬಟ್ಟೆ ಸುತ್ತಿ ಕೊಟ್ಟಿದ್ದಾರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಎರಡನೇ ಮಾತಿಗೇ "ಪ್ರಾರ್ಥನೆ ಮಾಡೋಣ ಅಕ್ಕಾ" ಎಂದು ಶುರು ಮಾಡಿಬಿಡುತ್ತೀಯ. ಪತ್ರಕ್ಕೆ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ಚರ್ಚಿನ ಪೀಠದಿಂದ ನೀನು ಮಾಡಿದ ಪ್ರಸಂಗ ಇಲ್ಲಿಗೂ ಬಂದು ಮುಟ್ಟಿದೆ. ನಮ್ಮ ಸಭೆಯ ಕಾಯರಮ್ಮ ನಿನಗೆ ನೆನಪಿರಬೇಕು, ಗಾಯನವೃಂದದಲ್ಲಿ ಹಾಡುವಾಗ ಎಲ್ಲರಿಗಿಂತ ಅರ್ಧ ಹೆಜ್ಜೆ ಮುಂದೆಯೇ ಇರುವವರು. ಅವರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತಲೇ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದರು. ಅದರಲ್ಲಿ ನಿನ್ನ ದನಿ. "ನನ್ನಕ್ಕ ಇಷ್ಟು ವರ್ಷದ ನೋವಿನಲ್ಲಿ ಒಮ್ಮೆಯೂ ಗೊಣಗಿದವಳಲ್ಲ. ಅವಳಿಗೆ ನಡೆಯಲಾಗುವುದಿಲ್ಲ, ಕರ್ತನೇ ಅವಳನ್ನು ಹೊತ್ತು ನಡೆಯುತ್ತಿದ್ದಾನೆ." ಸಭೆಯೆಲ್ಲ ಆಮೆನ್ ಎಂದದ್ದೂ ಕೇಳಿಸಿತು. ಕಾಯರಮ್ಮನ ಕಣ್ಣಲ್ಲಿ ನೀರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಗೊಣಗಿದವಳಲ್ಲವೇ? ತಮ್ಮಾ, ಒಂದೇ ಮನೆಯಲ್ಲಿ ಬೆಳೆದವನು ನೀನು! ಪೀಠದ ಮೇಲೆ ನಿಂತು ಸುಳ್ಳು ಹೇಳಲು ನಾಲಿಗೆ ಹೇಗೆ ಹೊರಳಿತು? ಹಾಲಿನವನಿಂದ ಹಿಡಿದು ಪುರಸಭೆಯ ಅಧ್ಯಕ್ಷರವರೆಗೆ ಈ ಊರಿನಲ್ಲಿ ನನ್ನ ಬಾಯಿಗೆ ಸಿಗದವರು ಯಾರಿದ್ದಾರೆ? ಮಕ್ಕಳಿಗೆ ಪೌರನೀತಿ ಪಾಠ ಹೇಳಿ ನಿವೃತ್ತಳಾದವಳು ನಾನು. ಹಕ್ಕು ಎಂದರೆ ಕೇಳಿ ಪಡೆಯುವುದು ಎಂದು ಕರಿಹಲಗೆಯ ಮೇಲೆ ಬರೆದವಳು ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆಯೇ? ಈ ಕಾಯಿಲೆ ಶುರುವಾದಾಗ ನಡೆದದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತ್ತು. ಡಾಕ್ಟರು ಅದನ್ನು ಮುಟ್ಟಿಯೂ ನೋಡದೆ, "ಮಕ್ಕಳಿಲ್ಲದ ಹೆಂಗಸರಿಗೆ ಹೀಗೆ ನೋವು ಅನ್ನಿಸ್ತಿರುತ್ತೆ, ಮನಸ್ಸಿಗೆ ಹಚ್ಕೋಬೇಡಿ" ಎಂದು ನಿನ್ನ ಭಾವನಿಗೆ ಹೇಳಿದರು. ನೋವು ನನ್ನದು, ಉತ್ತರ ಗಂಡನಿಗೆ. ರಕ್ತಪರೀಕ್ಷೆಗೆ ಬರೆದುಕೊಡುವ ತನಕ ಆ ಕುರ್ಚಿಯಿಂದ ಏಳುವುದಿಲ್ಲವೆಂದು ಕೂತೆ. ಹೊರಗೆ ಕಾಯುತ್ತಿದ್ದವರು ಬೈದರು, ನರ್ಸು ಬೈದಳು, ಕೊನೆಗೆ ಡಾಕ್ಟರೂ ಬೈದು ಬರೆದುಕೊಟ್ಟರು. ಸಂಧಿವಾತ ಎಂಬ ಹೆಸರು ಸಿಕ್ಕಿದ್ದು ಹಾಗೆ, ಮದ್ದು ಸಿಕ್ಕಿದ್ದೂ ಹಾಗೆ. ಅಂದು ನಾನು ನಿನ್ನ ಪ್ರಸಂಗದ ಅಕ್ಕನಾಗಿದ್ದರೆ ಇಂದು ಈ ಕೈ ಪೆನ್ನು ಹಿಡಿಯುವ ಮಾತಿರಲಿ, ತುತ್ತು ಎತ್ತುತ್ತಲೂ ಇರಲಿಲ್ಲ.

ನನಗೆ ವಿಶ್ವಾಸವಿಲ್ಲ ಎಂದುಕೊಳ್ಳಬೇಡ. ದಿನಾ ಪ್ರಾರ್ಥನೆ ಮಾಡುತ್ತೇನೆ. ಬೆರಳು ಬಿಚ್ಚುವ ತನಕ ಹಾಸಿಗೆಯಲ್ಲೇ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತೇನೆ. ಇಷ್ಟು ದೊಡ್ಡ ಲೋಕ ಮಾಡಿದವನಿಗೆ ಒಂದು ಮೊಣಕಾಲು ಸರಿಯಾಗಿ ಮಾಡಲು ಬರಲಿಲ್ಲವೇ ಎಂದು ಕೇಳುತ್ತೇನೆ. ಪಕ್ಕದಲ್ಲಿ ಮಲಗಿದ ನಿನ್ನ ಭಾವ ನಿದ್ದೆಗಣ್ಣಿನಲ್ಲೇ ಆಮೆನ್ ಎನ್ನುತ್ತಾರೆ. ಎದುರಿಗಿದ್ದಾನೆ ಎಂಬ ನಂಬಿಕೆ ಇರುವುದಕ್ಕೇ ಜಗಳ. ಗೋಡೆಯ ಜೊತೆ ಯಾರು ಜಗಳವಾಡುತ್ತಾರೆ? ಹಳೆಯ ಪ್ರವಾದಿಗಳೇನು ಬಾಯಿ ಮುಚ್ಚಿಕೊಂಡಿದ್ದರೇ? ನೀನೇ ಓದಿದವನು, ನೀನೇ ಹೇಳು.

ಇನ್ನು ಕರ್ತನು ಹೊತ್ತ ಸಮಾಚಾರ. ನಮ್ಮ ಮಹಡಿಗೆ ಲಿಫ್ಟಿಲ್ಲ. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳುವ ದಿನ ನಮ್ಮ ಸಭೆಯ ಬಡಗಿ ಮತ್ತು ಅವನ ಅಳಿಯ ಬಂದು ನನ್ನನ್ನು ಕುರ್ಚಿ ಸಮೇತ ಇಳಿಸುತ್ತಿದ್ದರು, ಸಂಜೆ ಹತ್ತಿಸುತ್ತಿದ್ದರು. ನಾನು "ನಿಧಾನ, ಗೋಡೆಗೆ ತಾಗುತ್ತೆ" ಎಂದು ಕೂಗುವುದು, ಬಡಗಿ "ಟೀಚರಮ್ಮಾ, ನಿಮ್ಮ ಬಾಯಿ ಇಳಿಸಿಟ್ರೆ ಅರ್ಧ ಭಾರ ಕಮ್ಮಿ" ಎನ್ನುವುದು ನಡೆದೇ ಇತ್ತು. ಇವರನ್ನೆಲ್ಲ ಗೊತ್ತುಮಾಡುವವರು ಕಾಯರಮ್ಮ. ನಿನ್ನ ಪ್ರಸಂಗ ಕೇಳಿದ ಮೇಲೆ ಅವರು ಬಡಗಿಯನ್ನು ಬೇರೆ ಮನೆಗೆ ಕಳಿಸಿಬಿಟ್ಟರು. ಏಕೆಂದು ಕೇಳಿದರೆ, "ನಿಮಗೇನಮ್ಮ, ನಿಮ್ಮ ವಿಶ್ವಾಸದ ಮಟ್ಟವೇ ಬೇರೆ. ಕಷ್ಟ ಅಂತ ಅಳೋರು ಎಷ್ಟು ಜನ ಇದಾರೆ, ಮೊದಲು ಅವರಿಗೆ" ಎಂದರು. ಅಳುವ ಮಗುವಿಗೆ ಹಾಲು ಎಂಬ ಗಾದೆ ಸಭೆಗೂ ಅನ್ವಯಿಸುತ್ತದೆ ನೋಡು. ನನ್ನ ಅಳುವನ್ನು ನೀನು ಕಸಿದುಕೊಂಡೆ. ಆಸ್ಪತ್ರೆಯಲ್ಲೂ ಅಷ್ಟೇ. ಗಾಲಿಕುರ್ಚಿ ಹತ್ತುವ ಇಳಿಜಾರಿನ ಮೇಲೆ ಅಂದಕ್ಕೆಂದು ಹೂಕುಂಡ ಸಾಲಾಗಿ ಇಟ್ಟಿದ್ದಾರೆ. ತೆಗೆಸಿ ಎಂದು ಜೋರು ಮಾಡಿದರೆ, ನಮ್ಮದೇ ಸಭೆಯ ಮೇಲ್ವಿಚಾರಕ ನಗುತ್ತ, "ನೀವೇ ಹೀಗಂದ್ರೆ ಹೇಗಮ್ಮಾ? ನಿಮ್ಮ ತಾಳ್ಮೆ ಬಗ್ಗೆ ಪ್ರಸಂಗವೇ ಕೇಳಿದೀವಿ" ಎಂದ. ಹೂಕುಂಡ ಇದ್ದಲ್ಲೇ ಇದೆ.

ಹೀಗಾಗಿ ಹೊರುವ ಕೆಲಸ ನಿನ್ನ ಭಾವನ ಪಾಲಿಗೆ ಬಂತು. ನನ್ನನ್ನು ಉಪ್ಪುಮೂಟೆ ಮಾಡಿಕೊಂಡು, ಒಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಜೀವಮಾನವೆಲ್ಲ ಪುಸ್ತಕಕ್ಕೆ ರಟ್ಟು ಹಾಕುತ್ತ ಕೂತ ಮನುಷ್ಯ, ಮೈಯಲ್ಲಿ ಎಷ್ಟು ಕಸುವಿದ್ದೀತು? ಹೋದ ಸಲ ಮೆಟ್ಟಿಲ ತಿರುವಿನಲ್ಲಿ ತಟ್ಟನೆ ನಿಂತರು. ನನ್ನನ್ನು ಮೆಲ್ಲಗೆ ಕೆಳಗಿಳಿಸಿ ಪಕ್ಕದಲ್ಲೇ ಕೂತರು. ಮುಖ ಸುಣ್ಣದಂತೆ ಬಿಳಿಚಿತ್ತು. "ಏನಿಲ್ಲ, ಉಸಿರು ಹಿಡೀತು" ಎಂದರು. ಕೈ ಮಾತ್ರ ತೊಡೆಸಂದಿಯನ್ನು ಒತ್ತಿ ಹಿಡಿದಿತ್ತು. ಉಳಿದ ಮೆಟ್ಟಿಲುಗಳನ್ನು ನಾನು ಕೂತೇ ಜಾರುತ್ತ ಇಳಿದೆ. ಅಂದು ಆಸ್ಪತ್ರೆಯಲ್ಲಿ ನನಗಿಂತ ಮೊದಲು ಅವರನ್ನೇ ನೋಡುವಂತೆ ಕೂಗಾಡಿದೆ, ಹೌದು, ಕೂಗಾಡಿಯೇ ನೋಡಿಸಿದೆ. ಹರ್ನಿಯಾ. ಒಂದು ಬಕೆಟ್ ನೀರನ್ನೂ ಎತ್ತಬಾರದಂತೆ. ಮನೆಯ ಕೆಳಗೆ ಆಟೋ ಇಳಿದ ಮೇಲೆ, ಮೇಲೆ ಹತ್ತಿಸುವವರಿಲ್ಲದೆ ಇಬ್ಬರೂ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಆಗ ಅವರು ತಲೆ ಎತ್ತದೆಯೇ ಹೇಳಿದರು, "ನಿನ್ನ ತಮ್ಮನಿಗೆ ತಿಳಿಸು ಮಾರಾಯ್ತಿ, ಹೊರ್ತಾ ಇದ್ದ ಕರ್ತನಿಗೆ ಹರ್ನಿಯಾ ಆಗಿದೆ ಅಂತ." ನಕ್ಕೆವು, ಇಬ್ಬರೂ. ನಗು ನಿಂತ ಮೇಲೆ ನನಗೆ ಅಳು ಬಂತು, ಅವರು ನೋಡದಂತೆ ಆಚೆ ತಿರುಗಿಕೊಂಡೆ. ಕೆಳಮನೆಯ ದರ್ಜಿ ಬಂದು ಹೇಗೋ ಹತ್ತಿಸಿದ. ದಿನಾ ಅವನನ್ನು ಕರೆಯಲಾಗುತ್ತದೆಯೇ?

ದೇವರು ಹೊರುತ್ತಾನೆ ಎನ್ನುವುದನ್ನು ನಾನೂ ನಂಬುತ್ತೇನೆ. ಆದರೆ ಆತ ಹೊರುವುದು ಯಾರದೋ ಬೆನ್ನಿನಿಂದ. ಆ ಬೆನ್ನನ್ನು ಬಿಟ್ಟು ಆತನನ್ನು ಮಾತ್ರ ಹೊಗಳಿದರೆ ಆತನಿಗೇ ಮುಜುಗರವಾದೀತು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದಂತೆ ನೋಡಿಕೋ. ಮಕ್ಕಳ ತಲೆ ಮೇಲೆ ನನ್ನ ಬಾಗಿದ ಕೈ ಇದೆ ಎಂದುಕೋ. ಕರ್ತನು ನಿನ್ನನ್ನು ಕಾಯಲಿ, ನಿನ್ನ ನಾಲಿಗೆಯನ್ನೂ ಕಾಯಲಿ.

ಇಂತಿ,
ನಿನ್ನ ಸಿಡುಕಿ ಅಕ್ಕ

ಮರೆತಿದ್ದೆ: ನಿನ್ನ ಭಾವ ಆಪರೇಷನ್ನಿಗೆ ಒಪ್ಪುತ್ತಿಲ್ಲ. ತಾವು ಮಲಗಿದರೆ ನನ್ನನ್ನು ಯಾರು ಎತ್ತುತ್ತಾರೆ ಎಂದು ಮುಂದೂಡುತ್ತಲೇ ಇದ್ದಾರೆ. ತಡಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ಹೇಳಿದ್ದನ್ನು ನನ್ನಿಂದ ಮುಚ್ಚಿಟ್ಟಿದ್ದರು, ಇವತ್ತು ಬಾಯಿ ಬಿಡಿಸಿದೆ. ನೀನು ಬಂದು ಮನೆಯೊಳಗೆ ಬ್ಯಾಗ್ ಇಟ್ಟ ದಿನವೇ ಅಡ್ಮಿಟ್ ಆಗುತ್ತಾರಂತೆ, ಮಾತು ಕೊಟ್ಟಿದ್ದಾರೆ. ಅವರು ಎದ್ದು ಓಡಾಡುವವರೆಗೆ ಇಲ್ಲೇ ಇರುವ ಹಾಗೆ ಬಾ. ನಿನ್ನ ಸಭೆಯವರು ರಜೆ ಏಕೆಂದು ಕೇಳಿದರೆ, ಅದೇ ಪೀಠದ ಮೇಲೆ ನಿಂತು, ಅದೇ ಮೈಕಿನಲ್ಲಿ ನಿಜ ಹೇಳು: ಅಕ್ಕ ಬೈದು ಕರೆದಿದ್ದಾಳೆ.