ಭವಾನಿಯ ಹೆಸರನ್ನು ಇನ್ನು ಕೂಗಬೇಡಿ

ಗ್ರಾಹಕ ನಿಷ್ಠೆ ವಿಭಾಗದ ಮುಖ್ಯಸ್ಥರೇ,

ನಿಮ್ಮ ಆದೋನಿ ಅಂಗಡಿಯ ಅತ್ಯಂತ ನಿಷ್ಠಾವಂತ ಗ್ರಾಹಕಿ ಭವಾನಿ ತೀರಿಕೊಂಡು ಏಳು ತಿಂಗಳಾಯಿತು. ಆಕೆ ನನ್ನ ಸೊಸೆ. ಹೋದ ವಾರವೂ ಆಕೆ ನಿಮ್ಮಲ್ಲಿ ಎಣ್ಣೆ, ಬೇಳೆ, ಸೋಪು ಕೊಂಡಿದ್ದಾಳೆಂದು ನಿಮ್ಮ ಯಂತ್ರ ಹೇಳುತ್ತದೆ. ಇಲ್ಲ ಎಂದು ನಾನು ಹೇಳುತ್ತೇನೆ. ನಮ್ಮಿಬ್ಬರಲ್ಲಿ ಯಾರ ಮಾತು ನಿಜವೆಂದು ತೀರ್ಮಾನಿಸುವವರು ನೀವಂತೆ. ಅಂಗಡಿಯಲ್ಲಿ ಕೊಟ್ಟ ಎರಡು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದೆ, ನಮ್ಮ ಊರು ಆಂಧ್ರದಲ್ಲಿದ್ದರೂ ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಭಾಷೆ ತಿಳಿಯಲಿಲ್ಲ ಎಂಬ ನೆಪ ನಮ್ಮಿಬ್ಬರ ನಡುವೆ ಬೇಡ.

ಮೊದಲು ನಮ್ಮ ತಪ್ಪು. ನಮ್ಮ ಓಣಿಯ ಐದು ಮನೆಯ ಹೆಂಗಸರು ನಿಮ್ಮ ಬಿಲ್ ಕೌಂಟರಿನಲ್ಲಿ ಹೇಳುತ್ತಿದ್ದುದು ಒಂದೇ ಫೋನ್ ನಂಬರ್, ಭವಾನಿಯದು. ಹಾಗೆ ಹೇಳಿಕೊಟ್ಟವಳೂ ಆಕೆಯೇ. ಐದು ನಂಬರಿನಲ್ಲಿ ಚೂರುಚೂರು ಪಾಯಿಂಟ್ ಬಂದರೆ ಯಾರಿಗೂ ಏನೂ ದಕ್ಕದು, ಒಂದರಲ್ಲೇ ಕೂಡಿದರೆ ಯುಗಾದಿಗೆ ಒಂದು ಮನೆಗೆ ದೊಡ್ಡ ಕುಕ್ಕರೇ ಬರುತ್ತದೆ, ಚೀಟಿ ಹಾಕಿದ ಹಾಗೆ ವರ್ಷಕ್ಕೊಂದು ಮನೆಯ ಸರದಿ ಎಂದು ಒಪ್ಪಿಸಿದಳು. ನಿಮ್ಮ ಎದುರಿಗೇ ಇನ್ನೊಂದು ದೊಡ್ಡ ಕಂಪನಿ ಅಂಗಡಿ ತೆರೆದಾಗ ನೀವು ಎಣ್ಣೆಗೆ ಎರಡು ರೂಪಾಯಿ ಇಳಿಸಿದಿರಿ, ಅವರು ಮೂರು ಇಳಿಸಿದರು. ಆಕೆ ದಿನಕ್ಕೆರಡು ಸಲ ರಸ್ತೆ ದಾಟಿ ಎರಡೂ ಬೋರ್ಡು ಓದಿ ಬರುತ್ತಿದ್ದಳು. ನಾಚಿಕೆಯಾಗುವುದಿಲ್ಲವೇ ಎಂದು ನಾನು ಗದರಿದರೆ, "ಅತ್ತಿ, ಅವರಿಬ್ರು ಜಗಳಾಡ್ಲಿ ಬಿಡ್ರಿ, ನಮ್ಗ ಎಣ್ಣಿ ಸಿಗ್ತೈತಿ" ಎಂದು ನಗುತ್ತಿದ್ದಳು.

ಇಪ್ಪತ್ತು ವರ್ಷ ನಮಗೆ ಸಾಮಾನು ಕೊಟ್ಟ ಓಣಿಯ ಮಲ್ಲಯ್ಯನ ಕಿರಾಣಿಯನ್ನು ನಾವು ಬಿಟ್ಟಿದ್ದು ಆ ಎರಡು ರೂಪಾಯಿಗೆ. ಅವನ ತಕ್ಕಡಿಯನ್ನು ಬೈದವಳು ನಾನೇ, ಅವನ ಬೇಳೆಯಲ್ಲಿ ಕಲ್ಲು ಆರಿಸಿದವಳೂ ನಾನೇ. ಅವನನ್ನು ದೇವರು ಮಾಡಲು ಈ ಪತ್ರ ಬರೆಯುತ್ತಿಲ್ಲ. ಶ್ರಾವಣದಲ್ಲಿ ಜ್ವರ ತಲೆಗೇರಿ, ಕರ್ನೂಲಿನ ಆಸ್ಪತ್ರೆಯಿಂದ ಭವಾನಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದ ದಿನ ಮಲ್ಲಯ್ಯ ಅಂಗಡಿಯ ಶಟರ್ ಎಳೆದು ನಮ್ಮ ಬಾಗಿಲಲ್ಲಿ ಬಂದು ಕುಳಿತ. ವರ್ಷದಿಂದ ಅವನಲ್ಲಿ ನಾವು ಉಪ್ಪನ್ನೂ ಕೊಂಡಿರಲಿಲ್ಲ.

ನಿಮಗೂ ಸುದ್ದಿ ಮುಟ್ಟಿತು, ನಿಮ್ಮದೇ ರೀತಿಯಲ್ಲಿ. ಸೂತಕದ ಹತ್ತು ದಿನ ಓಣಿಯ ಯಾರೂ ನಿಮ್ಮ ಅಂಗಡಿಗೆ ಹೋಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಆಕೆಯ ಫೋಟೋಕ್ಕೆ ಹೂವು ಹಾಕುವಾಗ, ಪಕ್ಕದಲ್ಲಿದ್ದ ಆಕೆಯ ಫೋನು ಬೆಳಗಿತು. ನನ್ನ ಮಗ ಚಂದ್ರ ಓದಿದ: "ಭವಾನಿ ಗಾರೂ, ಮಿಮ್ಮಲ್ನಿ ಚೂಸಿ ಚಾಲಾ ರೋಜುಲೈಂದಿ. ಮೀ ಕೋಸಂ ಎದುರು ಚೂಸ್ತುನ್ನಾಂ." ಭವಾನಿಯವರೇ, ನಿಮ್ಮನ್ನು ನೋಡಿ ಬಹಳ ದಿನವಾಯಿತು, ನಿಮಗಾಗಿ ಕಾಯುತ್ತಿದ್ದೇವೆ. ಅರ್ಧ ಗಂಟೆಯಲ್ಲಿ ಎದುರಿನ ಕಂಪನಿಯದೂ ಬಂತು: ಅವರಿಗಿಂತ ನಮ್ಮಲ್ಲಿ ಅಗ್ಗ, ಒಮ್ಮೆ ಬನ್ನಿ ಭವಾನಿ ಗಾರೂ ಎಂದು. ಸತ್ತವಳೊಬ್ಬಳಿಗಾಗಿ ಎರಡು ದೊಡ್ಡ ಕಂಪನಿಗಳು ಸ್ಪರ್ಧೆಗೆ ಬಿದ್ದದ್ದನ್ನು ನಾನು ನನ್ನ ದೇವರ ಮನೆಯಲ್ಲೇ ನೋಡಿದೆ. ನಿಷ್ಠೆ ಎಂದರೆ ಏನೆಂದು ನಿಮ್ಮ ವಿಭಾಗದಲ್ಲಿ ಯಾರಾದರೂ ಕೇಳಿಕೊಂಡಿದ್ದಾರೆಯೇ? ಒಬ್ಬರು ಇಲ್ಲದಾಗ ಅವರಿಲ್ಲವೆಂದು ತಿಳಿಯುವುದಷ್ಟೇ ಅದಾಗಿದ್ದರೆ, ನಿಮ್ಮ ಯಂತ್ರ ನಮ್ಮ ಎಷ್ಟೋ ನೆಂಟರಿಗಿಂತ ಮೇಲು.

ಈಗ ನನ್ನ ತಪ್ಪು. ಅದು ಓಣಿಯ ತಪ್ಪಿಗಿಂತ ದೊಡ್ಡದು. ಭವಾನಿಗೆ ಐದು ವರ್ಷದ ಮಗಳಿದ್ದಾಳೆ, ಹಾರಿಕಾ. ಆಸ್ಪತ್ರೆಗೆ ಸೇರಿಸಿದ ದಿನ ಮಗುವನ್ನು ದೇವನಕೊಂಡದ ಅದರ ಅಜ್ಜನ ಮನೆಗೆ ಕಳಿಸಿದೆವು. ಎಲ್ಲ ಮುಗಿದ ಮೇಲೆ ಕರೆತಂದಾಗ, ಅಮ್ಮ ಎಲ್ಲಿ ಎಂದು ಕೇಳಿತು. "ಮಂತ್ರಾಲಯಕ್ಕ ಹೋಗ್ಯಾಳ, ಬರ್ತಾಳ" ಎಂದೆ. ಐವತ್ತೆಂಟು ವರ್ಷದಲ್ಲಿ ಇನ್ನೊಬ್ಬರ ಸುಳ್ಳನ್ನು ಸಹಿಸದವಳು ನಾನು. ಫೋಟೋವನ್ನು ಆ ಹೊತ್ತಿಗೆ ಪೆಟ್ಟಿಗೆಗೆ ಸೇರಿಸಿದ್ದೆ. ನಮ್ಮ ಮನೆತನದಲ್ಲಿ ತೀರಿಕೊಂಡವರ ಹೆಸರನ್ನು ವರ್ಷ ತುಂಬುವವರೆಗೆ ಗಟ್ಟಿಯಾಗಿ ಕೂಗುವುದಿಲ್ಲ. ಹೋಗುತ್ತಿರುವವರು ಹೆಸರು ಕೇಳಿದರೆ ನಿಂತು ಹಿಂತಿರುಗಿ ನೋಡುತ್ತಾರೆಂದು ನಂಬಿಕೆ. ಮನೆಯಲ್ಲಿ ಯಾರೂ ಹೆಸರೆತ್ತದಿದ್ದುದರಿಂದ ನನ್ನ ಸುಳ್ಳು ಸುಖವಾಗಿ ಉಳಿಯಿತು.

ಮೂರು ಶನಿವಾರದ ಹಿಂದೆ ಹಾರಿಕಾಳನ್ನು ಕರೆದುಕೊಂಡು ನಿಮ್ಮ ಅಂಗಡಿಗೆ ಬಂದಿದ್ದೆ. ನಮ್ಮ ಪಕ್ಕದ ಮನೆಯ ರಾಮಲಕ್ಷ್ಮಿ ಮುಂದೆ ಬಿಲ್ಲಿಗೆ ನಿಂತಿದ್ದಳು. ಆಕೆ ರೂಢಿಯಂತೆ ಆ ನಂಬರನ್ನೇ ಹೇಳಿದಳು. ತಕ್ಷಣ ಮೇಲಿನ ಸ್ಪೀಕರಿನಲ್ಲಿ ಸಂಗೀತ. ಬಳಿಕ ಒಂದು ಹೆಣ್ಣು ದನಿ, ಅಂಗಡಿಯ ತುಂಬ: ನಮ್ಮ ಡೈಮಂಡ್ ಕಸ್ಟಮರ್ ಭವಾನಿ ಗಾರು, ದಯವಿಟ್ಟು ಕೌಂಟರಿಗೆ ಬನ್ನಿ, ನಿಮಗೊಂದು ಬಹುಮಾನವಿದೆ.

ಮುಖ್ಯಸ್ಥರೇ, ನಾನೂ ತಿರುಗಿ ನೋಡಿದೆ. ಬಾಗಿಲ ಕಡೆಗೆ. ಅದನ್ನು ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ.

ಹಾರಿಕಾ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಎಸೆದು ಕೌಂಟರಿಗೆ ಓಡಿದಳು. "ಅಮ್ಮ ಬಂದಾಳ! ಅಜ್ಜೀ, ಅಮ್ಮ ಬಂದಾಳ!" ಕೌಂಟರಿನ ಹುಡುಗಿ ಬಹುಮಾನದ ಡಬ್ಬಿ ಹಿಡಿದು ಚಪ್ಪಾಳೆ ತಟ್ಟಲು ಸಿದ್ಧಳಾಗಿದ್ದವಳು, ರಾಮಲಕ್ಷ್ಮಿಯನ್ನು ತೋರಿಸಿ ಪ್ರೀತಿಯಿಂದಲೇ ಹೇಳಿದಳು: "ಮೀ ಅಮ್ಮ ಇಕ್ಕಡೇ ಉಂದಿ ಕದಾ, ಪಾಪಾ." ನಿಮ್ಮಮ್ಮ ಇಲ್ಲೇ ಇದ್ದಾಳಲ್ಲ. ಮಗು ರಾಮಲಕ್ಷ್ಮಿಯ ಮುಖ ನೋಡಿತು, ಆಕೆಯ ಬೆನ್ನ ಹಿಂದೆ ಹೋಗಿ ನೋಡಿತು, ಬಾಗಿ ಕೌಂಟರಿನ ಕೆಳಗೂ ನೋಡಿತು. ರಾಮಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು, ಕೊಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಹೊರಟುಹೋದಳು. ಡಬ್ಬಿ ಮಾತ್ರ ಮರುದಿನ ನಮ್ಮ ಮನೆಗೆ ಬಂತು, ಮೇಲೆ ಭವಾನಿಯ ಹೆಸರಿನ ಚೀಟಿ ಅಂಟಿಸಿಕೊಂಡು. ಹಾರಿಕಾ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಅಮ್ಮ ಬಂದು ತೆರೆಯಬೇಕಂತೆ. ಈಗ ಪ್ರತಿ ಶನಿವಾರ ತಾನೇ ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ, ಅಮ್ಮನನ್ನು ಕರೆಯುವ ಅಂಗಡಿಗೆ ಹೋಗೋಣ ಎಂದು. ನಾನು ಆಡಿದ ಸುಳ್ಳಿಗೆ ನಿಮ್ಮ ಕಂಪನಿ ಸ್ಪೀಕರ್ ಹಚ್ಚಿ ಸಾಕ್ಷಿ ಹೇಳಿತು.

ಮರಣ ಪ್ರಮಾಣಪತ್ರ ಹಿಡಿದು ನಿಮ್ಮ ಮ್ಯಾನೇಜರ್ ಭರತ್ ಅವರಲ್ಲಿಗೆ ಹೋದೆ. ಒಳ್ಳೆಯ ಮನುಷ್ಯ, ಎದ್ದು ನಿಂತೇ ಮಾತಾಡಿದರು. "ಸದಸ್ಯರು ಸ್ವತಃ ಬಂದು ಕೇಳ್ಬೇಕಮ್ಮಾ. ಬೇರೆಯವರು ತೆಗೀಲಿಕ್ಕೆ ಸಿಸ್ಟಮ್‌ಲೋ ಆಪ್ಷನ್ ಲೇದು."

"ಆಕಿ ಸತ್ತಾಳಪ್ಪ. ಹೆಂಗ ಬರ್ತಾಳ?"

"ಸಾರೀ ಅಮ್ಮಾ. ಸತ್ತೋರಿಗೂ ಆಪ್ಷನ್ ಇಲ್ಲ."

ರೇಷನ್ ಕಾರ್ಡಿನಿಂದ ಆಕೆಯ ಹೆಸರು ತಿಂಗಳೊಳಗೆ ಹೋಯಿತು. ಸತ್ತವರನ್ನು ಸತ್ತವರೆಂದು ಒಪ್ಪಲು ನಿಮ್ಮ ಕಂಪನಿಗೆ ಮಾತ್ರ ಏಕೆ ಇಷ್ಟು ಕಷ್ಟ? ಓಣಿಯವರೂ ಸುಮ್ಮನಿಲ್ಲ. "ಅಕ್ಕಾ, ಯುಗಾದಿ ತನಕ ತಡೀರಿ, ಈಗ ಹೆಸರ ತೆಗೆಸಿದ್ರ ಪಾಯಿಂಟ್ ಎಲ್ಲಾ ಹೋಗ್ತಾವ" ಎಂದರು ಇಬ್ಬರು. ಈ ಸಲದ ಸರದಿ ನನ್ನ ಮನೆಯದು. ನನಗೆ ಬೇಡ ಎಂದೆ. ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಕಾರ್ತಿಕದಲ್ಲಿ ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದಾಗ ನನ್ನ ಬಾಯಿಂದಲೂ ಬಂದದ್ದು ಅದೇ. ನನಗೆ ಬಾಯಿಪಾಠವಾಗಿರುವ ಫೋನ್ ನಂಬರ್ ಅದೊಂದೇ.

ಆದ್ದರಿಂದ ಬೇಡಿಕೆ ಒಂದೇ. ಬಹುಮಾನ ಬೇಡ, ಪರಿಹಾರ ಬೇಡ, ಪಾಯಿಂಟುಗಳನ್ನು ನೀವೇ ಇಟ್ಟುಕೊಳ್ಳಿ. ಭವಾನಿಯ ಹೆಸರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ನಿಮ್ಮ ಯಾವ ಊರಿನ ಯಾವ ಸ್ಪೀಕರಿನಲ್ಲೂ ಅದನ್ನು ಕೂಗಬೇಡಿ. ಆಕೆ ಎಷ್ಟು ಸಲ ನಿಂತು ಹಿಂತಿರುಗಿ ನೋಡಬೇಕು? ಹೋಗಲು ಬಿಡಿ.

ತೆಗೆದ ದಿನ ನನಗೊಂದು ಸಾಲು ಬರೆದು ತಿಳಿಸಿ. ನಿಮ್ಮ ಪಾಲಿನ ಕೆಲಸ ಅಷ್ಟೇ. ಅಂದು ನನಗೂ ಒಂದು ಕೆಲಸವಿದೆ. ಹಾರಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪೆಟ್ಟಿಗೆಯಿಂದ ಫೋಟೋ ತೆಗೆದು, ಮಂತ್ರಾಲಯದ ಮಾತು ಸುಳ್ಳೆಂದು ಹೇಳಿ, ಆ ಡಬ್ಬಿಯನ್ನು ಇಬ್ಬರೂ ಕೂಡಿ ತೆರೆಯಬೇಕು.

ಇಂತಿ,
ನಿಮ್ಮ ಯಂತ್ರಕ್ಕೆ ಗುರುತಿಲ್ಲದ,
ಭವಾನಿಯ ಅತ್ತೆ
ಶಿವಲೀಲಾ
ಆದೋನಿ